ಕನ್ನಡಿ ಮೂಲೆಯ ಒಂಟಿ ಗೆರೆ

ಉಚ್ಚೆಂಗೆಪ್ಪನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡು ಎಂದು ನಮ್ಮ ಸಂಸ್ಥೆಯವರು ಕೇಳಿದರು. ವರ್ಷದ ಕೊನೆಗೆ ಒಂದು ಪುಸ್ತಕ ತರುತ್ತಾರಂತೆ, ಅದರಲ್ಲಿ ಹಾಕುತ್ತಾರಂತೆ. ಒಳ್ಳೆಯ ಮಾತು ನನ್ನ ಹತ್ತಿರ ಸ್ಟಾಕ್ ಇಲ್ಲ, ಸಿಟ್ಟು ಬೇಕಾದಷ್ಟಿದೆ, ಅದು ನಡೆಯುತ್ತದೆಯೇ ಎಂದೆ. ನಡೆಯುತ್ತದೆ ಎಂದರು. ಹೆಸರು ಬದಲಿಸಲೇ ಎಂದು ಉಚ್ಚೆಂಗೆಪ್ಪನನ್ನು ಕೇಳಿ ಕಳಿಸಿದೆ. "ಇಡೀ ಊರಿಗೆ ಡಂಗುರ ಹೊಡದ ಮ್ಯಾಲೆ ಪುಸ್ತಕದಾಗ ಏನು ಮುಚ್ಚಿಡ್ತಾನಂತ? ನನ್ನ ಹೆಸರು ಹಾಕು ಅನ್ರಿ, ತನ್ನ ಹೆಸರೂ ಹಾಕಾಕ ಹೇಳ್ರಿ" ಅಂದನಂತೆ. ಡಂಗುರ ಹೊಡೆದವನು ನಾನೇ. ಹಾಗಾಗಿ ಬರೆಯುವ ಕರ್ಮವೂ ನನ್ನದೇ. ಉಳಿದವರ ಹೆಸರುಗಳನ್ನು ಬದಲಿಸಿದ್ದೇನೆ.

ನಾನು ಮೈಲಾರಪ್ಪ. ಬಳ್ಳಾರಿಯ ಸತ್ಯನಾರಾಯಣಪೇಟೆಯವನು, ವಯಸ್ಸು ನಲವತ್ಮೂರು. ಹದಿನಾಲ್ಕು ವರ್ಷ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿದೆ. ಈಗ ಆರು ವರ್ಷದಿಂದ, ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ರಪ್ಪಾ ಎಂದು ಗಂಡಸರ ಹಿಂದೆ ಬಿದ್ದು ಗೋಗರೆಯುವುದೇ ಕೆಲಸ. ಎಲ್ಲ ಗಂಡಸರ ಹಿಂದಲ್ಲ, ಗಂಡಸರನ್ನು ಬಯಸುವ ಗಂಡಸರ ಹಿಂದೆ. ಅವರಲ್ಲಿ ಕೆಲವರ ಮನೆಯಲ್ಲಿ ಹೆಂಡತಿಯೂ ಇರುತ್ತಾಳೆ, ಎರಡೂ ಕಡೆ ಮನಸ್ಸಿರುತ್ತದೆ. ನಾವು ನಮ್ಮೊಳಗೆ 'ನಮ್ಮವರು' ಎಂದು ಕರೆದುಕೊಳ್ಳುತ್ತೇವೆ. ನಾನೂ ನಮ್ಮವನೇ. ಕುರುಗೋಡಿನ ಬಸ್‌ಸ್ಟ್ಯಾಂಡ್ ಎದುರಿಗೆ ಕ್ಷೌರದಂಗಡಿ ಇಟ್ಟಿರುವ ಉಚ್ಚೆಂಗೆಪ್ಪನೂ ನಮ್ಮವನೇ. ಇಟ್ಟಿರುವ ಎಂದೆ. ಅಂಗಡಿ ಇದೆ, ಗಿರಾಕಿಗಳಿಲ್ಲ. ಅದು ಯಾಕೆ ಎನ್ನುವುದೇ ಕಥೆ.

ಮೊದಮೊದಲು ಕುರುಗೋಡಿಗೆ ಹೋದಾಗ ನಾನು ನಾಯಿಗೂ ಬೇಡವಾಗಿದ್ದೆ. ನಮ್ಮವರು ಯಾರೆಂದು ನಮಗೆ ಒಂದು ನೋಟದಲ್ಲಿ ತಿಳಿಯುತ್ತದೆ. ಹೋಗಿ ಮಾತಾಡಿಸುತ್ತಿದ್ದೆ. ಆಸ್ಪತ್ರೆ ಎಂಬ ಶಬ್ದ ನನ್ನ ಬಾಯಿಂದ ಬಿದ್ದದ್ದೇ ತಡ, ಮನುಷ್ಯ ಮಾಯ. ಅವರದ್ದೂ ತಪ್ಪಿಲ್ಲ. ಸಣ್ಣ ಊರು. ಚೀಟಿ ಮಾಡಿಸುವ ಸಾಲಿನಲ್ಲಿ ಮುಂದೆ ಸೋದರಮಾವ ನಿಂತಿರುತ್ತಾನೆ, ಹಿಂದೆ ಬೀಗರು ನಿಂತಿರುತ್ತಾರೆ. "ಏನಪಾ, ಯಾತಕ್ಕ ಬಂದಿ?" ಎಂದರೆ ಏನು ಹೇಳಬೇಕು? ಇದೆಲ್ಲ ಗೊತ್ತಿದ್ದೂ ನಾನು ಚಿತ್ರದ ಪುಸ್ತಕ ಬಗಲಲ್ಲಿಟ್ಟುಕೊಂಡು ಉಪದೇಶ ಮಾಡುತ್ತ ತಿರುಗುತ್ತಿದ್ದೆ. ಬುದ್ಧಿ ಇಲ್ಲದವನು.

ಒಂದು ದಿನ ಬೇಸತ್ತು ಗಡ್ಡ ಹೆರೆಸೋಣ ಎಂದು ಉಚ್ಚೆಂಗೆಪ್ಪನ ಅಂಗಡಿಗೆ ಹೋದೆ. ಮೂವತ್ತೈದರ ಗಟ್ಟಿ ಆಳು, ಮಾತು ಕಡಿಮೆ, ಕೈ ಹಗುರ. ನನ್ನ ಕಣ್ಣಮುಂದೆಯೇ ಹೊಸ ಬ್ಲೇಡು ಬಿಚ್ಚಿ, ಅರ್ಧಕ್ಕೆ ಮುರಿದು, ಕತ್ತಿಗೆ ಸಿಕ್ಕಿಸಿದ. ಗಿರಾಕಿ ಎಷ್ಟೇ ಹಳಬನಾಗಿರಲಿ, ಅವನ ಎದುರಿಗೇ ಹೊಸ ಬ್ಲೇಡು ಮುರಿಯುವುದು ಅವನ ಶಿಸ್ತು. ಗಲ್ಲದ ಕೆಳಗೆ ಕತ್ತಿ ಇಟ್ಟ ಮೇಲೆ ಮಾತು ತೆಗೆದ.

"ನಾಕು ತಿಂಗಳಾತು ನೋಡಾಕ ಹತ್ತೀನಿ ನಿನ್ನ. ಸಾಲಿ ಮಾಸ್ತರ ಮಾತಾಡಿದಂಗ ಮಾತಾಡ್ತಿ. ಯಾರು ಬರ್ತಾರಲೇ ನಿನ್ನ ಹಿಂದ?"

ಕತ್ತಿ ಗಂಟಲ ಮೇಲಿತ್ತು, ಉತ್ತರ ಕೊಡುವಂತಿರಲಿಲ್ಲ.

"ಮಂಗಳವಾರ ಬಾ. ಮಂಗಳವಾರ ನಂದು ಬಂದ್. ಅರ್ಧ ಶಟರ್ ಎಳದಿದ್ರ ಅಂಗಡಿ ಗುಡಸಾಕ ಹತ್ತ್ಯಾನ ಅಂತ ತಿಳ್ಕೊಂತಾರ, ಒಬ್ಬರೂ ಹೊಳ್ಳಿ ನೋಡಂಗಿಲ್ಲ. ಮಂದಿನ ನಾ ಕರಸ್ತೀನಿ. ನೀ ಪರೀಕ್ಷಾ ಡಬ್ಬಿ ತಗೊಂಡು ಬಾ, ಬಾಯಿ ಮನ್ಯಾಗ ಇಟ್ಟು ಬಾ."

ನಮ್ಮ ಕಡೆ ಮಂಗಳವಾರ ಯಾರೂ ಕೂದಲಿಗೆ ಕತ್ತರಿ ತಾಗಿಸುವುದಿಲ್ಲ. ಆ ದಿನ ಕ್ಷೌರದಂಗಡಿಯಷ್ಟು ಏಕಾಂತದ ಜಾಗ ಇಡೀ ಊರಲ್ಲಿ ಇನ್ನೊಂದಿಲ್ಲ. ನಾಲ್ಕು ತಿಂಗಳು ಬೀದಿ ಸುತ್ತಿದ ನನ್ನ ತಲೆಗೆ ಇದು ಹೊಳೆದಿರಲಿಲ್ಲ.

ಮೊದಲ ಮಂಗಳವಾರ ನಾವಿಬ್ಬರೇ. ಬೆರಳು ಚುಚ್ಚಿ ಒಂದು ಹನಿ ರಕ್ತ ಪಟ್ಟಿಯ ಮೇಲೆ ಬಿಡಬೇಕು, ಇಪ್ಪತ್ತು ನಿಮಿಷ ಕಾಯಬೇಕು. ಒಂದು ಗೆರೆ ಮೂಡಿದರೆ ಸೋಂಕು ಕಂಡಿಲ್ಲ ಎಂದರ್ಥ. ಎರಡು ಮೂಡಿದರೆ ಆಸ್ಪತ್ರೆಯಲ್ಲಿ ಮತ್ತೆ ರಕ್ತ ಕೊಟ್ಟು ಖಚಿತ ಮಾಡಿಕೊಳ್ಳಬೇಕು, ಹೌದಾದರೆ ಗುಳಿಗೆ ಶುರು. ಇಷ್ಟೇ ವಿದ್ಯೆ. ಅವನಿಗೆ ತೋರಿಸಲೆಂದು ನನ್ನ ಬೆರಳನ್ನೇ ಚುಚ್ಚಿಕೊಂಡೆ. ಒಂದು ಗೆರೆ ಬಂತು. ಎದುರುಗಡೆ ಪಂಪಣ್ಣನ ಹೋಟೆಲಿಗೆ ಚಹಾ ಹೇಳಲು ಹೋದೆ. ಬರುವಷ್ಟರಲ್ಲಿ ಉಚ್ಚೆಂಗೆಪ್ಪ ಬೆರಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದ. ಇನ್ನಷ್ಟು ಹೊತ್ತಾದ ಮೇಲೆ ಒಂದು ಪಟ್ಟಿ ಎತ್ತಿ ತೋರಿಸಿದ. "ನಿಂದು ಕಸದ ಡಬ್ಬಿಗಿ ಹಾಕಿದೆ. ಇದು ನಂದು. ಒಂದ ಗೆರಿ." ತರಬೇತಿ ಇಲ್ಲದೆ ನೀನೇ ಯಾಕೆ ಚುಚ್ಚಿಕೊಂಡೆ ಎಂದು ಬೈದೆ. ಅವನು ಆ ಪಟ್ಟಿಯನ್ನು ದೊಡ್ಡ ಕನ್ನಡಿಯ ಮೂಲೆಯಲ್ಲಿ, ಮನೆದೇವತೆ ಉಚ್ಚಂಗಮ್ಮನ ಪಟದ ಪಕ್ಕ ಸಿಕ್ಕಿಸಿದ. ಬಳಸಿದ್ದನ್ನು ಹಾಗೆ ಇಡಬಾರದು, ಕಸದ ಕೆಂಪು ಡಬ್ಬಿಗೆ ಹಾಕಬೇಕು ಎಂದು ಮತ್ತೆ ಬೈದೆ. "ಇರಲಿ. ಬಂದವರು ನೋಡ್ಲಿ, ಧೈರ್ಯ ಬರ್ತೈತಿ" ಅಂದ.

ಧೈರ್ಯವೇನೋ ಬಂತು. ಸುಳ್ಳು ಹೇಳಲಾರೆ. ಉಚ್ಚೆಂಗೆಪ್ಪ ಒಬ್ಬನಿಗೆ ಹೇಳಿದರೆ ಅವನು ಇನ್ನೊಬ್ಬನನ್ನು ಕರೆತರುತ್ತಿದ್ದ. ಒಬ್ಬೊಬ್ಬರಾಗಿ ಬಗ್ಗಿ ಶಟರ್ ಕೆಳಗೆ ನುಸುಳಿ ಬರುತ್ತಿದ್ದರು. ನಾನು ಬೆರಳು ಚುಚ್ಚುತ್ತಿದ್ದೆ. ಆ ಇಪ್ಪತ್ತು ನಿಮಿಷ ಇದೆಯಲ್ಲ, ಅದರಲ್ಲೇ ಮನುಷ್ಯ ಅರ್ಧ ಸಾಯುವುದು. ಆಗ ಉಚ್ಚೆಂಗೆಪ್ಪ ಅವನನ್ನು ಕುರ್ಚಿಗೆ ಕೂರಿಸಿ ತಲೆಗೆ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುತ್ತಿದ್ದ. ಮಂಗಳವಾರ ಕತ್ತರಿ ಮುಟ್ಟಬಾರದು, ಎಣ್ಣೆಗೇನು ಅಡ್ಡಿ? ನೆತ್ತಿ ತಣ್ಣಗಾಗುತ್ತ, ಕಣ್ಣು ಮುಚ್ಚುತ್ತ, ಹೆದರಿ ಬಂದವರು ಗೊರಕೆ ಹೊಡೆದದ್ದೂ ಇದೆ. ನಡುವೆ ಕಣ್ಣು ಬಿಟ್ಟರೆ ಎದುರಿಗೆ ಕನ್ನಡಿ, ಮೂಲೆಯಲ್ಲಿ ಆ ಪಟ್ಟಿ. "ನಂದಪಾ ಅದು. ನಾನ ಮೊದಲು ಮಾಡಿಸ್ಕೊಂಡೀನಿ" ಅನ್ನುತ್ತಿದ್ದ. ಕುರುಗೋಡಿನವರಲ್ಲದೆ ಸಿರುಗುಪ್ಪ, ಸಿರಿಗೇರಿಗಳಿಂದಲೂ ಬಂದರು. ಮೂರು ವರ್ಷದಲ್ಲಿ ನೂರಾ ನಲವತ್ತು ಮಂದಿ. ಬಳ್ಳಾರಿಯಲ್ಲಿ ನನ್ನ ಹೆಸರಾಯಿತು. ನನ್ನ ಉಪದೇಶದ ಫಲ ಎಂದು ನಾನೂ ಎದೆ ಉಬ್ಬಿಸಿಕೊಂಡೆ.

ಎರಡು ಗೆರೆ ಬಂದವರು ಒಂಬತ್ತು ಮಂದಿ. ಅವರಲ್ಲಿ ಐವರನ್ನು ಗುಳಿಗೆಗೆ ಹಚ್ಚುವಷ್ಟರಲ್ಲಿ ನನ್ನ ಚಪ್ಪಲಿ ಸವೆದವು. ಮೂವರು ನಂಬರ್ ಬದಲಿಸಿ ಕಣ್ಮರೆಯಾದರು. ಒಬ್ಬ ಸತ್ತ.

ಸತ್ತವನು ಸಿರಿಗೇರಿಯ ದೊಡ್ಡಬಸವರಾಜ. ಮೂವತ್ತು ವರ್ಷದ ಹಮಾಲಿ. ಎರಡು ಚೀಲ ಒಟ್ಟಿಗೆ ಹೊರುವ ಬೆನ್ನು ಅವನದು. ಪಟ್ಟಿಯ ಮೇಲೆ ಎರಡು ಗೆರೆ ನೋಡಿದ. ಆಮೇಲೆ ಕನ್ನಡಿಯ ಮೂಲೆ ನೋಡಿದ. "ನೀನೂ ನನ್ನಂಗ ತಿರುಗಿದವನ ಅಲ್ಲೇನಲೇ ಉಚ್ಚೆಂಗಿ? ನಿನಗ ಒಂದು, ನನಗ ಎರಡು. ನಿನಗಿಂತ ನಾ ಏನು ಹೆಚ್ಚಿನ ಪಾಪ ಮಾಡೀನಿ?" ಎಂದು ಕೇಳಿದ. ಉಚ್ಚೆಂಗೆಪ್ಪ ಎಣ್ಣೆ ಕೈಯನ್ನು ಟವೆಲಿಗೆ ಒರೆಸಿಕೊಂಡ. ನಾನು ನನ್ನ ಪಾಠ ಒಪ್ಪಿಸಿದೆ. ಇದು ಪಾಪದ ಲೆಕ್ಕವಲ್ಲ, ಗುಳಿಗೆ ಪುಕ್ಕಟೆ ಸಿಗುತ್ತದೆ, ದಿನಾ ನುಂಗಿದರೆ ಎಲ್ಲರಂತೆ ಬಾಳಬಹುದು ಎಂದೆಲ್ಲ. ಅವನು ಬೈಕ್ ಹತ್ತಿ ಹೋದವನು ತಿರುಗಿ ಬರಲಿಲ್ಲ. ಮನೆಗೆ ಹೋಗಿ ಕೇಳುವಂತಿಲ್ಲ, ಮನೆಯವರಿಗೆ ಗೊತ್ತಿಲ್ಲ. ಒಂದೂವರೆ ವರ್ಷದ ಮೇಲೆ ಅವನು ಹೋದ ಸುದ್ದಿ ಬಂತು. ಟಿಬಿ ಹತ್ತಿತ್ತಂತೆ, ಚೀಲ ಹೊರುತ್ತಿದ್ದವನು ಕೊನೆಗೆ ನೀರಿನ ತಂಬಿಗೆ ಎತ್ತಲಾರದೆ ಹೋದನಂತೆ. ಊರಲ್ಲಿ ಕೆಮ್ಮು ಬಂದು ಸತ್ತ ಅಂದರು. ಆ ಮಂಗಳವಾರ ಉಚ್ಚೆಂಗೆಪ್ಪ ಕನ್ನಡಿಗೆ ಬೆನ್ನು ಹಾಕಿ ಕೂತಿದ್ದ. ದುಃಖ ಆಗಿರಬೇಕು ಎಂದುಕೊಂಡೆ.

ಕಳೆದ ಚಳಿಗಾಲ ಆಸಿಂ ಬಂದ. ಸಿರುಗುಪ್ಪದವನು, ವಯಸ್ಸು ಇಪ್ಪತ್ನಾಲ್ಕು. ಅಕ್ಕಿ ಗಿರಣಿಯ ಸರಕು ಆಟೊ ಓಡಿಸುತ್ತಾನೆ. ಮನೆಯಲ್ಲಿ ಅವನು ಮತ್ತು ತಾಯಿ, ಇಬ್ಬರೇ. ನಗುನಗುತ್ತ ಬಂದ, ಚುಚ್ಚಿಸಿಕೊಳ್ಳುವಾಗ "ಅಮ್ಮಾ" ಎಂದು ನಾಟಕ ಮಾಡಿದ, ಎಣ್ಣೆ ತಿಕ್ಕುವಾಗ ಹಿಂದಿ ಹಾಡು ಗುನುಗಿದ. ಎರಡು ಗೆರೆ ಬಂದವು.

ನಗು ನಿಂತಿತು. ಅವನ ಕಣ್ಣು ನೇರ ಕನ್ನಡಿಯ ಮೂಲೆಗೆ ಹೋಯಿತು. ಅಯ್ಯೋ ಶಿವನೇ, ಆ ಮುಖ ನಾನು ನೋಡಿದ್ದೆ. ಸಿರಿಗೇರಿಯವನ ಮುಖ ಅದು.

"ನಿಮಗ್ಯಾಕ ಬಂದಿಲ್ಲಣ್ಣ ಇದು?" ಎಂದ. "ನನಗಷ್ಟ ಯಾಕ ಬಂತು?"

ನಾನು ಪಾಠ ಶುರು ಮಾಡಿದೆ. ಅವನು ಆಗಲೇ ಚಪ್ಪಲಿ ಮೆಟ್ಟಿದ್ದ. ಇನ್ನೆರಡು ಹೆಜ್ಜೆ ಇಟ್ಟರೆ ಶಟರ್, ಅದರಾಚೆಗೆ ಬಸ್‌ಸ್ಟ್ಯಾಂಡ್. ಒಮ್ಮೆ ದಾಟಿದನೆಂದರೆ ಇವನೂ ನಂಬರ್ ಬದಲಿಸುತ್ತಾನೆ, ಇವನೂ ಕೆಮ್ಮುತ್ತಾನೆ, ಇವನ ಸುದ್ದಿಯೂ ಒಂದೂವರೆ ವರ್ಷಕ್ಕೆ ಬರುತ್ತದೆ.

ಉಚ್ಚೆಂಗೆಪ್ಪ ಹಿಂದಿನಿಂದ ಅವನ ಅಂಗಿ ಹಿಡಿದೆಳೆದ. "ಕುಂದ್ರಲೇ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಮೈಲಾರಿ, ಇನ್ನೊಂದು ಪಟ್ಟಿ ತಗಿ. ನನ್ನ ಬೆರಳು ಚುಚ್ಚು" ಎಂದು ಕೈ ಚಾಚಿದ.

ಚುಚ್ಚಿದೆ. ಹನಿ ಬಿಟ್ಟೆ. ಮೂವರೂ ಪಟ್ಟಿಯ ಮೇಲೆ ಬಗ್ಗಿ ಕೂತೆವು. ಯಾರ ತಲೆಗೂ ಎಣ್ಣೆ ಇಲ್ಲ. ಎರಡು ಗೆರೆ ಬಂದವು.

ಉಚ್ಚೆಂಗೆಪ್ಪ ಎದ್ದು ಪೌಡರ್ ಡಬ್ಬಿಗಳ ಹಿಂದೆ ಕೈ ಹಾಕಿ ಒಂದು ಬಿಳಿ ಬಾಟಲಿ ತೆಗೆದು ಆಸಿಂನ ಮಡಿಲಿಗೆ ಹಾಕಿದ. "ಏಳು ವರ್ಷ ಆತು. ದಿನಾ ಉಂಡ ಮ್ಯಾಲೆ ಒಂದು ಗುಳಿಗಿ. ನೋಡು ನನ್ನ, ಏನಾಗೇತಿ? ಹೆಂಡತಿ ಅದಾಳ, ಆಕಿಗಿ ಎಲ್ಲಾ ಗೊತ್ತೈತಿ. ಆಕಿನೂ ಪರೀಕ್ಷಾ ಮಾಡಿಸ್ಕೊಂತಾಳ, ಆಕಿಗಿ ಒಂದ ಗೆರಿ. ಗುಳಿಗಿ ತಪ್ಪಿಸದಂಗ ತಗೊಂಡು, ರಕ್ತದಾಗಿನ ವೈರಸ್ಸು ಲೆಕ್ಕಕ್ಕ ಸಿಗದಷ್ಟು ಇಳಿದು ಹಂಗ ಉಳೀತಂದ್ರ, ಕೂಡಿದವರಿಗೂ ಹತ್ತಂಗಿಲ್ಲ ಅಂತಾರ ಡಾಕ್ಟರು. ಆ ಕನ್ನಡ್ಯಾಗಿಂದು ನಂದಲ್ಲ. ಸುಳ್ಳು."

ಆಸಿಂ ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದ. "ಏಳು ವರ್ಷಾ?" ಎಂದು ಎರಡು ಸಲ ಕೇಳಿದ. ಆಮೇಲೆ ಚಪ್ಪಲಿ ಬಿಚ್ಚಿದ. "ಬರೋ ಸೋಮವಾರ ಬಳ್ಳಾರಿಗಿ ಬರ್ತೀನಿ. ನೀವೂ ಬರ್ತೀರಿಲ್ಲಣ್ಣಾ?" ಎಂದು ಉಚ್ಚೆಂಗೆಪ್ಪನನ್ನು ಕೇಳಿದ. ಬರ್ತೀನಿ ಎಂದು ಅವನು ತಲೆಯಾಡಿಸಿದ.

ಕೆಲಸ ಮುಗಿದಿತ್ತು. ಅಲ್ಲಿಗೆ ನಾನು ಡಬ್ಬಿ ಮುಚ್ಚಿ, ಬಾಯಿ ಮುಚ್ಚಿ, ಬಸ್ಸು ಹತ್ತಬೇಕಿತ್ತು. ಆದರೆ ನನ್ನ ತಲೆಯಲ್ಲಿ ದೊಡ್ಡಬಸವರಾಜ ಬಂದು ಕೂತಿದ್ದ. ನಿನಗಿಂತ ನಾ ಏನು ಹೆಚ್ಚಿನ ಪಾಪ ಮಾಡೀನಿ ಎಂದು ಕೇಳಿದವನು. ಈ ಬಾಟಲಿ ಅವತ್ತೂ ಪೌಡರ್ ಡಬ್ಬಿಯ ಹಿಂದೆಯೇ ಇತ್ತಲ್ಲ, ಮೂರು ಮೊಳ ದೂರದಲ್ಲಿ! ನೆತ್ತಿಗೆ ಸಿಟ್ಟು ಏರಿತು. ನನಗೆ ಸಿಟ್ಟು ಬಂದರೆ ದನಿ ಹೇಗಿರುತ್ತದೆ ಎಂದು ಸತ್ಯನಾರಾಯಣಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ.

"ಏಳು ವರ್ಷದಿಂದ ಎಚ್‌ಐವಿ ಐತಲೇ ನಿನಗ! ಏಳು ವರ್ಷ! ಆ ಸಿರಿಗೇರಿ ಹುಡುಗ ನಿನ್ನ ಕಣ್ಣಮುಂದ ಕುಂತು ಕೇಳಿದ್ನಲ್ಲಲೇ, ಆಗ ಎಲ್ಲಿ ಹೋಗಿತ್ತು ನಿನ್ನ ನಾಲಿಗಿ? ಕೊಂದಿ ಅವನ್ನ! ಯಾವನದೋ ಗೆರಿ ತಂದು ಕನ್ನಡಿಗಿ ಸಿಗಿಸಿ ಕೊಂದಿ! ಯಾರದಲೇ ಅದು?"

"ಅಂಗಡಿ ಸಲುವಾಗಿ, ಮೈಲಾರಿ" ಎಂದ ಅವನು ಮೆಲ್ಲಗೆ. "ಕತ್ತಿ ಹಿಡಿಯಾಂವಗ ಈ ರೋಗ ಅಂದ್ರ ಯಾರು ಗದ್ದ ಕೊಡ್ತಾರ? ದನಿ ಇಳಸು."

"ಸುಡ್ಲಿ ನಿನ್ನ ಅಂಗಡಿ!" ಎಂದು ಇನ್ನೂ ಜೋರಾಗಿ ಒದರಿದೆ.

ಆಗ ಶಟರ್ ಕೆಳಗೆ ಎರಡು ಕಾಲು ಕಂಡವು. ಪಂಪಣ್ಣನವು. ತಾಸು ಬಿಟ್ಟು ಮೂರು ಚಹಾ ಕಳಿಸು ಎಂದು ನಾನೇ ಬರುವಾಗ ಹೇಳಿ ಬಂದಿದ್ದೆ. ಅರ್ಧ ಶಟರ್ ಕಣ್ಣಿಗೆ ಅಡ್ಡ, ಕಿವಿಗೆ ಎಲ್ಲಿಯ ಅಡ್ಡ? ಆ ಕಾಲುಗಳು ಸ್ವಲ್ಪ ಹೊತ್ತು ಅಲ್ಲೇ ನಿಂತವು. ಒಂದು ಕೈ ಚಹಾದ ತಟ್ಟೆಯನ್ನು ನೆಲಕ್ಕಿಟ್ಟಿತು. ಕಾಲುಗಳು ಹೋದವು. ಆಸಿಂ ಬಾಟಲಿಯನ್ನು ಕುರ್ಚಿಯ ಮೇಲಿಟ್ಟು, ಬಗ್ಗಿ, ಶಟರ್ ದಾಟಿ ಓಡಿದ. ಉಚ್ಚೆಂಗೆಪ್ಪ ನನ್ನನ್ನು ಬೈಯಲಿಲ್ಲ. ಮೂರೂ ಲೋಟ ಒಳಗೆ ತಂದು ಮೇಜಿನ ಮೇಲಿಟ್ಟ. ಯಾರೂ ಕುಡಿಯಲಿಲ್ಲ.

ಯಾರ ಪರೀಕ್ಷೆಯ ಗುಟ್ಟನ್ನೂ ಅವರ ಒಪ್ಪಿಗೆ ಇಲ್ಲದೆ ಬಾಯಿಬಿಡಬಾರದು, ಅದು ಕಾನೂನು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಆ ಪಾಠ ಹೇಳುವವನು ಯಾರು ಗೊತ್ತೇ? ಈ ಮೈಲಾರಪ್ಪ. ಊರಿಗೆಲ್ಲ ಬುದ್ಧಿ ಹೇಳುವ ದೊಡ್ಡ ಮನುಷ್ಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬುಧವಾರ ಅಂಗಡಿ ತೆಗೆದರೆ ಒಬ್ಬ ಗಿರಾಕಿ ಇಲ್ಲ. ಗುರುವಾರ ಇಲ್ಲ. ಭಾನುವಾರ ಬೆಂಚು ತುಂಬಿ ಹೊರಗೆ ನಿಲ್ಲುತ್ತಿದ್ದ ಮಂದಿ ಆ ಭಾನುವಾರ ರಸ್ತೆಯ ಆಚೆ ಬದಿ ಹಿಡಿದು ಸಂತೆ ಬೀದಿಯ ಅಂಗಡಿಗೆ ಹೋದರು. ಅಲ್ಲಿ ಹತ್ತು ಗದ್ದಕ್ಕೆ ಒಂದೇ ಬ್ಲೇಡು! ಇಲ್ಲಿ ಒಬ್ಬೊಬ್ಬನಿಗೂ ಹೊಸದು ಮುರಿಯುತ್ತಿದ್ದವನು ಈಗ ಮೈಲಿಗೆ. ಇವರಿಗೆ ಬುದ್ಧಿ ಎನ್ನುವುದು ಎಲ್ಲಿರುತ್ತದೆ? ಪಂಪಣ್ಣ ಉಚ್ಚೆಂಗೆಪ್ಪನಿಗೆ ಕಾಗದದ ಕಪ್ಪಿನಲ್ಲಿ ಚಹಾ ಕೊಡತೊಡಗಿದ. ಹದಿನೈದು ವರ್ಷ ಇವನ ಕೈಯಲ್ಲೇ ಗಡ್ಡ ಹೆರೆಸಿಕೊಂಡ ಪಂಪಣ್ಣ! ಹೋಗಿ ಅವನ ಕೊರಳಪಟ್ಟಿ ಹಿಡಿದೆ. ಕೇಸು ಹಾಕಿಸ್ತೀನಿ, ಕೋರ್ಟಿಗೆ ಎಳೀತೀನಿ ಎಂದು ಕೂಗಾಡಿದೆ.

"ಕೈ ತಗೀರಿ ಮೊದಲ" ಎಂದ ಪಂಪಣ್ಣ. "ನಾ ಯಾರಿಗೆ ಏನು ಹೇಳೀನಿ? ನೀವು ಒದರಿದ್ದು ಬಸ್‌ಸ್ಟ್ಯಾಂಡ್ ತನಕ ಕೇಳಿಸೇತ್ರಿ. ಬಳ್ಳಾರಿ ಬಸ್ಸಿನಾಗ ಕುಂತವರಿಗೂ ಕೇಳಿಸೇತಿ."

ಕೈ ತೆಗೆದೆ. ಕೊರಳಪಟ್ಟಿ ಹಿಡಿಯಬೇಕಾದ ಕಳ್ಳ ನಾನೇ.

ಅಲ್ಲಿಂದ ಉಚ್ಚೆಂಗೆಪ್ಪನ ಮನೆಗೆ ಹೋದೆ. ಅವನಿರಲಿಲ್ಲ. ಅವನ ಹೆಂಡತಿ ಪಕ್ಕೀರಮ್ಮ ಬಾಗಿಲಲ್ಲೇ ನಿಂತಳು, ಒಳಗೆ ಬರ್ರಿ ಎನ್ನಲಿಲ್ಲ. ಆಕೆಯ ಕೈಯಲ್ಲಿ ಅಂಗಡಿಯ ಟವೆಲುಗಳ ಗಂಟಿತ್ತು. ವಾರಕ್ಕೆ ನಲವತ್ತು ಟವೆಲು ಒಗೆಯುತ್ತಿದ್ದ ಹೆಣ್ಣುಮಗಳು. ಒಗೆಯುವುದಕ್ಕೆ ಈಗ ಏನಿದೆ?

"ನನ್ನ ಗಂಡ ಎಂಥಾಂವ ಅಂತ ನನಗ ಗೊತ್ತೈತ್ರಿ. ಜಗಳ ಆಡೀನಿ, ತವರಿಗಿ ಹೋಗೀನಿ, ಹೊಳ್ಳಿ ಬಂದೀನಿ. ಅದು ನನ್ನ ಮನಿ ಮಾತು" ಎಂದಳು. "ಏಳು ವರ್ಷ ನಾ ಬಾಯಿ ಕಟಗೊಂಡು ಕುಂತೀನಿ. ನಮ್ಮವ್ವ ಕಣ್ಣು ಮುಚ್ಚಿದ್ಲು, ಆಕಿಗೂ ಹೇಳಲಿಲ್ಲ. ನೀವು ಓದಿದವರು, ಮಂದಿಗಿ ಕಲಸಾವರು. ನಿಮಗ ಏಳು ನಿಮಿಷ ಆಗಲಿಲ್ಲಾ?"

ಬಾಗಿಲು ಹಾಕಿಕೊಂಡಳು. ನನಗೆ ಯಾರು ಯಾರೋ ಎಷ್ಟೆಷ್ಟೋ ಬೈದಿದ್ದಾರೆ, ಚಪ್ಪಲಿ ತೂರಿದವರೂ ಇದ್ದಾರೆ. ಅದಾವುದೂ ಹೀಗೆ ನಟ್ಟಿರಲಿಲ್ಲ.

ಸೋಮವಾರ ಬಳ್ಳಾರಿಯ ದೊಡ್ಡಾಸ್ಪತ್ರೆಯ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತೆ. ಆಸಿಂ ಬರಲಿಲ್ಲ. ಮರುದಿನ ಸಿರುಗುಪ್ಪಕ್ಕೆ ಹೋದೆ. ಗಿರಣಿಯ ಗೇಟಿನಲ್ಲಿ ಆಟೊ ನಿಲ್ಲಿಸಿಕೊಂಡು ನಿಂತಿದ್ದ. ವಾರದ ಗಡ್ಡ, ಕಣ್ಣು ಗುಳಿ ಬಿದ್ದಿದ್ದವು. ನನ್ನನ್ನು ಕಂಡವನೇ ಆಟೊದ ಹಿಂದಕ್ಕೆ ಎಳೆದುಕೊಂಡು ಹೋದ.

"ಇಲ್ಲಿಗ್ಯಾಕ ಬಂದ್ರಿ? ಇಲ್ಲೂ ಒದರಾಕ ಬಂದೀರೇನು?"

"ಆಸಿಂ, ಗುಳಿಗಿ ಶುರು ಮಾಡಪಾ. ಕಾಲು ಹಿಡೀತೀನಿ."

"ಖರೇ ಹೇಳಿದವನ ಗತಿ ನೋಡಿದ್ನಲ್ಲಣ್ಣ. ನನ್ನ ಸಲುವಾಗಿ ಹೇಳಿದ, ಒಂದ ದಿನದಾಗ ಅಂಗಡಿ ಹಾಳಾತು. ನಾಳಿ ನಿಮಗ ನನ್ನ ಮ್ಯಾಲೆ ಸಿಟ್ಟು ಬರ್ತೈತಿ. ಆಗ? ನಮ್ಮಮ್ಮಿ ಊರಾಗ ಹೆಂಗ ತಿರುಗಾಡಬೇಕು? ಹೋಗ್ರಿ ಸುಮ್ಕ."

ಹೋದೆ. ಬಸ್ಸಿನಲ್ಲಿ ಕೂತು ನನ್ನ ಬಾಯಿಗೆ ನಾನೇ ಹೊಡೆದುಕೊಂಡೆ, ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ. ಉಚ್ಚೆಂಗೆಪ್ಪನ ಸುಳ್ಳು ಒಬ್ಬನನ್ನು ಕೊಂದಿತು ಎಂದು ಒದರಿದ್ದೆನಲ್ಲ, ನನ್ನ ಒದರಾಟ ಈಗ ಇನ್ನೊಬ್ಬನನ್ನು ಕೊಲ್ಲುತ್ತಿತ್ತು. ಉಚ್ಚೆಂಗೆಪ್ಪನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಆಸಿಂ ಬರಲಿಲ್ಲ ಎಂದು ಮೆಸೇಜು ಹಾಕಿದೆ. ನೋಡಿದ, ಉತ್ತರವಿಲ್ಲ.

ಮುಂದಿನ ಸೋಮವಾರ ಬೇರೊಬ್ಬ ಹುಡುಗನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದೆ. ಚೀಟಿ ಕಿಟಕಿಯ ಹತ್ತಿರ ಉಚ್ಚೆಂಗೆಪ್ಪ ನಿಂತಿದ್ದ. ಬಗಲಲ್ಲಿ ರೆಗ್ಜಿನ್ ಚೀಲ. ಪಕ್ಕದಲ್ಲಿ ಆಸಿಂ. ಅವನ ಗಡ್ಡ ನುಣ್ಣಗೆ ಹೆರೆದಿತ್ತು, ಕೆನ್ನೆಯ ಮೇಲೆ ಪೌಡರ್ ಇನ್ನೂ ಇತ್ತು. ನಾನು ಕಟ್ಟೆಯಿಂದ ಎದ್ದು ನಿಂತೆ. ಉಚ್ಚೆಂಗೆಪ್ಪ ನನ್ನನ್ನು ನೋಡಿ ಗೋಡೆಯನ್ನು ನೋಡುವಂತೆ ಮುಖ ತಿರುಗಿಸಿದ.

ಏನು ನಡೆಯಿತು ಎಂದು ಆಮೇಲೆ ಆಸಿಂ ಹೇಳಿದ. ನನ್ನ ಮೆಸೇಜು ನೋಡಿದ ಮರುದಿನ ಉಚ್ಚೆಂಗೆಪ್ಪ ಕತ್ತಿ, ಕತ್ತರಿ, ಬ್ಲೇಡಿನ ಪೊಟ್ಟಣ ಚೀಲಕ್ಕೆ ತುಂಬಿಕೊಂಡು ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಬಂದು ಗಿರಣಿಯ ಗೇಟಿನ ಬೇವಿನಡಿ ಕೂತನಂತೆ. ಆಸಿಂ ಓಡಿಹೋದ. ಎರಡನೇ ದಿನವೂ ಬಂದು ಕೂತ. "ಯಾಕ ಬರ್ತೀರಣ್ಣ?" ಎಂದರೆ, "ಊರಾಗ ಕೆಲಸ ಇಲ್ಲಲ್ಲ, ಖಾಲಿ ಕುಂತು ನೊಣಾ ಹೊಡಿಯೋದು ಯಾಕಂತ ಬಂದೆ" ಅಂದನಂತೆ. ಮೂರನೇ ದಿನ ಗಿರಣಿಯ ಹಮಾಲರು ಗಡ್ಡ ಹೆರೆಸಲು ಕೂತರು. ಕೂರುವ ಮೊದಲೇ ಉಚ್ಚೆಂಗೆಪ್ಪ ಒಬ್ಬೊಬ್ಬರಿಗೂ ತನಗೆ ಇಂಥದ್ದಿದೆ, ಗುಳಿಗೆ ತಗೊಳ್ಳುತ್ತೇನೆ, ಬ್ಲೇಡು ಹೊಸದು ಎಂದು ತಾನೇ ಹೇಳಿದನಂತೆ. ಇಬ್ಬರು ಎದ್ದು ಹೋದರು. ಒಬ್ಬ ಮುದುಕ, "ನಮ್ಮ ಅಳಿಯಗೂ ಐತಿ ತಗೋ, ಹೆರಿ" ಎಂದು ಗದ್ದ ಎತ್ತಿದನಂತೆ. ಇದನ್ನು ಆಸಿಂ ಆಟೊದೊಳಗೆ ಕೂತು ನೋಡುತ್ತಿದ್ದ. ಸೋಮವಾರ ಬೆಳಿಗ್ಗೆ ಬಂದು ತಾನೂ ಕೂತ.

ಗದ್ದಕ್ಕೆ ಕತ್ತಿ ಇದ್ದಾಗ ಎದುರು ಮಾತಾಡುವಂತಿಲ್ಲ, ಕೇಳಲೇಬೇಕು. ಉಚ್ಚೆಂಗೆಪ್ಪ ಹೇಳಿದ್ದು ಇಷ್ಟು:

"ನನ್ನ ಅಂಗಡಿ ಉಳೀಲಿ ಅಂತ ನಾ ಸುಮ್ಮನಿದ್ದೆ, ಒಬ್ಬಾಂವ ಸತ್ತ. ನಿನ್ನ ಜೀವ ಉಳೀಲಿ ಅಂತ ಬಾಯಿ ಬಿಟ್ಟೆ, ಅಂಗಡಿ ಹೋತು. ಈಗ ನೀನೂ ಸತ್ತಿ ಅಂದ್ರ, ನಾ ಅಂಗಡಿ ಯಾಕಲೇ ಕಳಕೊಂಡೆ?"

ಖಚಿತ ಪರೀಕ್ಷೆ ಆಯಿತು, ಹೌದು ಎಂದೇ ಬಂತು. ಗುಳಿಗೆ ಶುರುವಾಗಿ ಈಗ ಐದು ತಿಂಗಳು. ಆಸಿಂ ಮೈ ತುಂಬಿಕೊಂಡಿದ್ದಾನೆ, ಮತ್ತೆ ನಾಟಕ ಮಾಡುತ್ತಾನೆ. ಕಳೆದ ತಿಂಗಳು ತನ್ನ ಇಬ್ಬರು ಗೆಳೆಯರನ್ನು ಪರೀಕ್ಷೆಗೆ ಕರೆತಂದ. ಕುರುಗೋಡು ಮಾತ್ರ ಹಾಗೇ ಇದೆ. ಉಚ್ಚೆಂಗೆಪ್ಪ ನಾಲ್ಕು ದಿನ ಸಿರುಗುಪ್ಪದ ಬೇವಿನಡಿ ಕೂರುತ್ತಾನೆ, ಉಳಿದ ದಿನ ಇಲ್ಲಿ ಅಂಗಡಿ ತೆಗೆದು ಖಾಲಿ ಕುರ್ಚಿ ಒರೆಸುತ್ತಾನೆ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪರರ ಎಲೆಯ ನೊಣ ಹುಡುಕುವ ಊರು. ಈ ಊರಿನ ಎಷ್ಟು ಗಂಡಸರು ಆ ಶಟರ್ ಕೆಳಗೆ ಬಗ್ಗಿ ಬಂದಿದ್ದಾರೆ ಎಂದು ನನಗೆ ಗೊತ್ತು. ಅವರಲ್ಲಿ ಕೆಲವರು ಈಗ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಾರೆ. ಹೆಸರು ಹೇಳಿಬಿಡಲೇ ಎನ್ನಿಸುತ್ತದೆ. ಹೇಳುವುದಿಲ್ಲ. ಅಷ್ಟು ಕಲಿತಿದ್ದೇನೆ.

ಹೋದ ಮಂಗಳವಾರ, ಈ ಬರಹ ಶುರು ಮಾಡುವ ಮೊದಲು, ಕುರುಗೋಡಿಗೆ ಹೋದೆ. ನಡು ಮಧ್ಯಾಹ್ನ. ಶಟರ್ ಅರ್ಧ ಅಲ್ಲ, ಪೂರ್ತಿ ಮೇಲಕ್ಕಿತ್ತು. ಪಂಪಣ್ಣನ ಹೋಟೆಲಿನ ಮಂದಿ ಇತ್ತಲೇ ನೋಡುತ್ತಿದ್ದರು. ಉಚ್ಚೆಂಗೆಪ್ಪ ಒಬ್ಬನೇ ಕೂತಿದ್ದ. ಕನ್ನಡಿಯ ಮೂಲೆಯಲ್ಲಿ ಎರಡು ಗೆರೆಯ ಪಟ್ಟಿ ಇತ್ತು, ಆವತ್ತು ನಾನು ಹನಿ ಬಿಟ್ಟದ್ದು. ಐದು ತಿಂಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿದ. ಖಾನೆ ಎಳೆದು, ಬಾಚಣಿಗೆಗಳ ಕೆಳಗಿನಿಂದ ಹಳದಿಗಟ್ಟಿದ ಒಂದು ಪಟ್ಟಿ ತೆಗೆದು ನನ್ನ ಅಂಗೈಗಿಟ್ಟ. ಒಂದೇ ಗೆರೆ.

"ಯಾರದಲೇ ಅದು ಅಂತ ಕೇಳಿದ್ದಿ. ನಿಂದು. ಮೊದಲನೇ ಮಂಗಳವಾರ ನೀ ಚಾ ಹೇಳಾಕ ಹೋಗಿದ್ದಿ ನೋಡು, ಆಗ ಎತ್ತಿಟ್ಟಿದ್ದೆ. ಡಬ್ಬಿಗಿ ಹಾಕಿದ್ದು ನನ್ನದನ್ನ. ಮೂರು ವರ್ಷ ನಿನ್ನ ಗೆರಿ ನನ್ನ ಅಂಗಡಿ ಕಾದೈತಿ."

ನನ್ನ ರಕ್ತ ಮೂರು ವರ್ಷ ಕಾದ ಅಂಗಡಿಯನ್ನು ನನ್ನ ಬಾಯಿ ಮೂರು ಮಾತಿನಲ್ಲಿ ಕೆಡವಿತ್ತು. ಆ ಗೆರೆಯನ್ನೇ ನೋಡಿ ದೊಡ್ಡಬಸವರಾಜ ಎದ್ದು ಹೋಗಿದ್ದ. ಹಾಗಾದರೆ ಕೊಂದಿ ಎಂದು ನಾನು ಒದರಿದ್ದು ಯಾರಿಗೆ? ಪಟ್ಟಿಯನ್ನು ಕೆಂಪು ಡಬ್ಬಿಗೆ ಹಾಕಿದೆ.

"ಉಚ್ಚೆಂಗಿ, ನಾನು..." ಎಂದು ಶುರು ಮಾಡಿದೆ.

"ಕುಂದ್ರು" ಎಂದ, ಕುರ್ಚಿ ತಿರುಗಿಸಿ. "ಗಡ್ಡ ಬೆಳದೈತಿ."

"ಇವತ್ತು ಮಂಗಳವಾರಲೇ."

"ನನಗ ಏಳೂ ದಿನ ಮಂಗಳವಾರನ ಮಾಡಿಟ್ಟೀಯಲ್ಲ, ಇವತ್ತೇನು ಹೊಸಾದು? ಕುಂದ್ರು."

ಕೂತೆ. ಅವನು ಹೊಸ ಬ್ಲೇಡು ಬಿಚ್ಚಿದ. ಎದುರು ಹೋಟೆಲಿನವರಿಗೆಲ್ಲ ಕಾಣುವಂತೆ ಕೈ ಎತ್ತಿ ಅದನ್ನು ಎರಡಾಗಿ ಮುರಿದ. ನೊರೆ ಹಚ್ಚಿದ. ನಾನು ಮತ್ತೆ ಏನೋ ಹೇಳಲು ಹೋದೆ. ಕತ್ತಿ ಗಂಟಲ ಮೇಲೆ ಬಂದು ನಿಂತಿತು.

"ನಿನ್ನ ಮ್ಯಾಲಿನ ಸಿಟ್ಟು ಇಳಿದಿಲ್ಲ ನನಗ" ಎಂದ. "ಬಾಯಿ ಮುಚ್ಚು."

ಮುಚ್ಚಿದೆ.